ಜಾಗ ಇದೆ, ನಾನೇ ನೋಡಿದೆ

ನಮ್ಮಮ್ಮನಿಗೆ ಓದಲು ಬರುವುದಿಲ್ಲ, ಹೇಳಲು ಬರುತ್ತದೆ. ಶಿವಾಜಿನಗರದ ಹತ್ತಿರದ ಒಂದು ಶಾಲೆಯಲ್ಲಿ ಆಯಾ ಆಗಿ ವಯಸ್ಸೆಲ್ಲ ದುಡಿದವಳು. ಮೇಡಂಗಳ ಇಂಗ್ಲಿಷು, ವ್ಯಾನ್ ಡ್ರೈವರುಗಳ ತಮಿಳು, ಗೇಟಿನವನ ಉರ್ದು ಎಲ್ಲವನ್ನೂ ಕಿವಿಯಲ್ಲೇ ಕಲಿತು, ಯಾರು ಯಾವ ಭಾಷೆಯಲ್ಲಿ ಬೈದರೂ ಅದೇ ಭಾಷೆಯಲ್ಲಿ ತಿರುಗಿಸಿ ಕೊಡುತ್ತಿದ್ದಳು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಒಂದು ದಿನ ನನ್ನನ್ನು ಕರೆದು, "ನಾನು ಹೇಳ್ತಾ ಹೋಗ್ತೀನಿ, ನೀನು ಟೈಪ್ ಮಾಡ್ಕೊಂಡು ಹೋಗು. ನಾನು ಹೋದ್ಮೇಲೆ ನನ್ನ ಬಗ್ಗೆ ಕಂಡೋರೆಲ್ಲ ಬುರುಡೆ ಬಿಡೋದು ಬೇಡ" ಎಂದಳು. ಅದು ಆಜ್ಞೆ. ನಮ್ಮ ಮನೆಯಲ್ಲಿ ಅದಕ್ಕೆ ಅಪೀಲು ಇಲ್ಲ.

ನಾನು ಇಂದಿರಾನಗರದ ಒಂದು ಆಫೀಸಿನಲ್ಲಿ ಕನ್ನಡ ಟೈಪಿಂಗ್ ಮಾಡುವವಳು. ಇಡೀ ದಿನ ಬೇರೆಯವರ ಮಾತು ಕುಟ್ಟಿ ಬಂದು, ಸಂಜೆ ಜೋಗುಪಾಳ್ಯದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಮ್ಮನ ಮಾತು ಕುಟ್ಟುತ್ತಿದ್ದೆ. ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡಂತೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇದೆ. ಅದರ ಆರೋಗ್ಯದ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹಾಗಾಗಿ ಅಮ್ಮ ಹೇಳಿದ್ದನ್ನೆಲ್ಲ ಒಂದು ಹಳೆಯ ಪೆನ್‌ಡ್ರೈವಿನಲ್ಲಿ ಇಡುತ್ತಿದ್ದೆ. ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿಗೆ ಸಿಕ್ಕಿಸಿ ತಪ್ಪು ತಿದ್ದಲೂ ಅದು ಅನುಕೂಲವಾಗಿತ್ತು.

ಪ್ರತಿ ಕಥೆಗೂ ಒಂದು ಫೈಲು. ಆಫೀಸಿನ ಅಭ್ಯಾಸದಂತೆ ನಿನ್ನೆಯ ಫೈಲನ್ನೇ ತೆರೆದು, ಒಳಗಿನದನ್ನು ಅಳಿಸಿ, ಹೊಸದನ್ನು ಟೈಪ್ ಮಾಡಿ ಬೇರೆ ಹೆಸರಿನಲ್ಲಿ ಸೇವ್ ಮಾಡುತ್ತಿದ್ದೆ. ಹಾಗೆ ಮಾಡಿದರೆ ಅಕ್ಷರದ ಅಳತೆ, ಅಂಚು ಎಲ್ಲ ಮೊದಲಿನ ಹಾಗೇ ಬರುತ್ತದೆ. ತಕರಾರು ಬಂದದ್ದು ಹೆಸರಿನ ವಿಷಯದಲ್ಲಿ. ನಾನು ಮೊದಮೊದಲು 'ಬಾಲ್ಯ', 'ಮದುವೆ' ಎಂದು ಹೆಸರಿಟ್ಟು ಓದಿ ಹೇಳಿದರೆ ಅಮ್ಮ ಮೂಗು ಮುರಿದಳು.

"ಯಾರ ಬಾಲ್ಯ? ಯಾರ ಮದುವೆ? ಲೋಕದಲ್ಲಿ ಎಲ್ಲರಿಗೂ ಆಗಿದ್ದೇ ಅಲ್ವಾ ಅದು? ನಾನು ಮೊದಲು ಏನು ಹೇಳ್ದೆ ಅದನ್ನೇ ಇಡು. ಓದಿದ್ರೆ ನಂಗೆ ಗೊತ್ತಾಗ್ಬೇಕು ಯಾವುದು ಅಂತ."

ಆದ್ದರಿಂದ ಅವಳ ಮೊದಲ ವಾಕ್ಯ ಪೂರ್ತಿಯಾಗಿ ಫೈಲಿನ ಹೆಸರಾಯಿತು. 'ಹೆಡ್‌ಮಿಸ್ ನನ್ನ ಲೋಟ ಬೇರೆ ಇಡು ಅಂದಾಗ ನಾನು ಅವರ ಲೋಟಾನೇ ಬೇರೆ ಇಟ್ಟೆ' ಎಂಬುದು ಒಂದು ಫೈಲು. 'ಹಲಸೂರು ಕೆರೆ ಹತ್ರ ನಿಮ್ಮಪ್ಪ ನನ್ನ ಮೊದಲನೇ ಸಲ ನೋಡಿದಾಗ ನಾನು ಜಗಳ ಆಡ್ತಾ ಇದ್ದೆ' ಎಂಬುದು ಇನ್ನೊಂದು. ದಿನಾ ಸಂಜೆ ಶುರು ಮಾಡುವ ಮೊದಲು ಎಲ್ಲ ಹೆಸರನ್ನೂ ಓದಬೇಕು. ಅವಳು ಕಾಫಿ ಕುಡಿಯುತ್ತ ಹೂಂ, ಹೂಂ ಎನ್ನುತ್ತ ಹಾಜರಿ ತೆಗೆದುಕೊಳ್ಳುವಳು.

ಓದುವುದು ಉದ್ದವಾಯಿತೆಂದು ಒಮ್ಮೆ ಒಂದು ಫೋಲ್ಡರ್ ಮಾಡಿ ಹಳೆಯ ಕಥೆಗಳನ್ನು ಅದರೊಳಗೆ ಹಾಕಿದೆ. ಅವತ್ತು ಸಂಜೆಯೇ ಸಿಕ್ಕಿಬಿದ್ದೆ.

"ಲೋಟದ್ದು ಎಲ್ಲೋಯ್ತು?"

"ಒಳಗಿದೆ ಅಮ್ಮ. ಎಲ್ಲೂ ಹೋಗಿಲ್ಲ."

"ಒಳಗೆ ಅಂದ್ರೆ? ಕೆಲವ್ರು ಒಳಗೆ, ಕೆಲವ್ರು ಹೊರಗೆ, ಅದೆಲ್ಲ ನನ್ನ ಹತ್ರ ನಡಿಯಲ್ಲ. ತೆಗಿ ಈಚೆಗೆ. ಎಲ್ಲಾ ಒಂದೇ ಸಾಲಲ್ಲಿ ಕೂರ್ಲಿ."

ನಾವು ಬೌದ್ಧರು. ಹುಣ್ಣಿಮೆಗೆ ನಮ್ಮ ವಿಹಾರದಲ್ಲಿ ಊಟಕ್ಕೆ ಕೂರುವಾಗ ಸಾಲು ಒಂದೇ. ಬ್ಯಾಂಕಿನ ಮ್ಯಾನೇಜರ್ ಬಂದರೂ, ಚರಂಡಿ ಕೆಲಸ ಮುಗಿಸಿ ಸ್ನಾನ ಮಾಡಿ ಬಂದವನಾದರೂ, ಮೊದಲೇ ಬಂದು ಕೂತವನ ಪಕ್ಕವೇ ಕೂರಬೇಕು. ಆ ಸಾಲನ್ನು ನೋಡಿಕೊಳ್ಳುವುದು ಅಮ್ಮನ ಕೆಲಸ. ಯಾರಾದರೂ ಸ್ವಲ್ಪ ಸರಿದು ಕೂತರೆ ಅವಳು ಸೌಟು ಹಿಡಿದು ಬಂದು ನಿಲ್ಲುತ್ತಾಳೆ. ಅಂಥವಳ ಹತ್ತಿರ ಫೋಲ್ಡರಿನ ಮಾತು ಆಡಿದ್ದು ನನ್ನ ದಡ್ಡತನ. ಎಲ್ಲವನ್ನೂ ಈಚೆಗೆ ತೆಗೆದು, ಫೋಲ್ಡರನ್ನು ಅಳಿಸಿ, ಸಾಲಿನಲ್ಲಿ ಕೂರಿಸಿದೆ.

ಇನ್ನು ಆ ಭಾನುವಾರದ ಮಾತು. ಬೆಳಿಗ್ಗೆ ತಿಂಡಿ ಮುಗಿಯುತ್ತಿದ್ದಂತೆ ಅಮ್ಮ ಬಂದು ಕುರ್ಚಿ ಎಳೆದುಕೊಂಡಳು. ಮುಖ ಬಿಗಿದಿತ್ತು.

"ಇವತ್ತು ಒಂದು ಹೇಳ್ತೀನಿ. ಒಂದೇ ಸಲ. ಮಧ್ಯ ಬಾಯಿ ಹಾಕ್ಬೇಡ, ಮತ್ತೆ ಕೇಳ್ಬೇಡ. ನಿಮ್ಮಪ್ಪ ಇದನ್ನ ಯಾರಿಗೂ ಹೇಳ್ಬೇಡ ಅಂದಿದ್ರು. ಅವರು ಹೋಗಾಯ್ತು. ನಾನೂ ಹೋಗೋದ್ರೊಳಗೆ ಹೇಳ್ಬಿಡ್ತೀನಿ."

ಅವಳ ಮೊದಲ ವಾಕ್ಯ ಹೀಗಿತ್ತು: 'ಖಾಲಿ ಮನೆ ಮುಂದೆ ನಾನು ಒಂದು ದಿನ ಪೂರ್ತಿ ಕೂತಿದ್ದೆ ಅವತ್ತು ನೀನು ನನ್ನ ಹೊಟ್ಟೇಲಿದ್ದೆ'.

ಜೀವನ್ ಬಿಮಾ ನಗರದ ಆಚೀಚೆ ಜನ ಸ್ವಂತ ಮನೆ ಕಟ್ಟಿಸಿಕೊಳ್ಳುತ್ತಿದ್ದ ಕಾಲ ಅದು. ಅಲ್ಲಿಂದ ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ನಡೆದೇ ಹೋಗಬಹುದಿತ್ತು. ಒಂದು ಗೇಟಿನ ಮೇಲೆ 'ಮನೆ ಬಾಡಿಗೆಗಿದೆ' ಎಂಬ ಮರದ ಬೋರ್ಡು ನೋಡಿ ಇಬ್ಬರೂ ಒಳಗೆ ಹೋದರು. ಮನೆಯಾಕೆ ಕಾಫಿ ಕೊಟ್ಟಳು. ನಲ್ಲಿ ತಿರುಗಿಸಿ ನೀರು ತೋರಿಸಿದಳು, ಕಿಟಕಿ ತೆಗೆದು ಗಾಳಿ ತೋರಿಸಿದಳು. ಆಮೇಲೆ ಅವಳ ಗಂಡ ಬಂದು ಕೂತು, ನೀವು ಯಾವ ಪೈಕಿ ಎಂದು ಕೇಳಿದ. ಅಪ್ಪ, "ನಾವು ಬೌದ್ಧರು" ಎಂದರು. ಆತ, "ಅದಕ್ಕೆ ಮುಂಚೆ?" ಎಂದ. ಅಪ್ಪ ಅದನ್ನೂ ಮುಚ್ಚಿಡಲಿಲ್ಲ. ಆತ ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಈಚೆ ಬಂದು, "ಅಯ್ಯೋ, ಮರ್ತೇ ಹೋಗಿತ್ತು ನೋಡಿ. ಬೆಳಿಗ್ಗೇನೇ ಬೇರೆಯವ್ರಿಗೆ ಮಾತು ಕೊಟ್ಬಿಟ್ಟಿದ್ದೀವಿ. ಮನೆ ಖಾಲಿ ಇಲ್ಲ" ಎಂದ.

ಇದನ್ನು ಯಾರಿಗೂ ಹೇಳಬೇಡ ಎಂದು ಅಪ್ಪ ದಾರಿಯಲ್ಲೇ ಹೇಳಿದರಂತೆ. ಮಾರನೆಯ ದಿನ ಅವರು ಡ್ಯೂಟಿಗೆ ಹೋದ ಮೇಲೆ ಅಮ್ಮ ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು, ಬಸುರಿ ಹೊಟ್ಟೆ ಹೊತ್ತುಕೊಂಡು, ಅದೇ ಗೇಟಿನ ಹತ್ತಿರ ಹೋದಳು. ಬೋರ್ಡು ಅಲ್ಲೇ ತೂಗುತ್ತಿತ್ತು. ಅದರ ಕೆಳಗೆ, ರಸ್ತೆಯ ಅಂಚಿನಲ್ಲಿ ಕೂತಳು. ಮನೆ ಕೇಳಿಕೊಂಡು ಬಂದ ಒಬ್ಬೊಬ್ಬರಿಗೂ ತಾನೇ ಮುಂದಾಗಿ ಹೇಳಿದಳು: "ಮನೆ ಖಾಲಿ ಇಲ್ವಂತೆ ಕಣಪ್ಪ. ಆಗ್ಲೇ ಮಾತು ಕೊಟ್ಟಾಗಿದೆಯಂತೆ. ಅವ್ರೇ ಹೇಳಿದ್ರು." ಒಂದು ಸುಳ್ಳು ಮಾತಿಲ್ಲ, ಒಂದು ಬೈಗುಳವಿಲ್ಲ. ಬಂದವರೆಲ್ಲ ಬಂದ ಹಾಗೇ ವಾಪಸು ಹೋದರು.

ಸಂಜೆಯ ಹೊತ್ತಿಗೆ ಯಜಮಾನನಿಗೆ ಪಿತ್ತ ನೆತ್ತಿಗೇರಿತು. ಗೇಟಿಗೆ ಬಂದು, "ಏನಮ್ಮಾ ಇದು! ಖಾಲಿ ಇರೋ ಮನೇನ ಖಾಲಿ ಇಲ್ಲ ಅಂತ..." ಎಂದು ಕೂಗಿ ಅರ್ಧಕ್ಕೇ ನಿಂತ.

"ಖಾಲಿ ಇದ್ಯಾ? ಹಾಗಾದ್ರೆ ಕೊಡಿ" ಎಂದಳು ಅಮ್ಮ. ಆತ ಗೇಟಿನ ಚಿಲಕ ಎಳೆದ. "ಖಾಲಿ ಇಲ್ವಾ? ಹಾಗಾದ್ರೆ ಈ ಬೋರ್ಡ್ ಯಾಕೆ?" ಎಂದವಳೇ ಎದ್ದು, ಬೋರ್ಡನ್ನು ಕೊಕ್ಕೆಯಿಂದ ಬಿಡಿಸಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು.

"ಅದನ್ನ ಏನು ಮಾಡ್ದೆ?" ಬಾಯಿ ಹಾಕಬೇಡ ಎಂದಿದ್ದರೂ ಕೇಳಿಬಿಟ್ಟೆ.

ಅಮ್ಮ ಗಲ್ಲದಿಂದ ಅಡುಗೆಮನೆಯ ಕಡೆ ತೋರಿಸಿದಳು. ನೀರಿನ ಡ್ರಮ್ಮಿನ ಮುಚ್ಚಳ! ನಾನು ಹುಟ್ಟಿದಾಗಿನಿಂದ ಸರಿಸಿ ಮುಚ್ಚಿ ಮಾಡಿದ ಹಲಗೆ. ಎದ್ದು ಹೋಗಿ ತಿರುಗಿಸಿ ನೋಡಿದೆ. ಕೆಳಮುಖದಲ್ಲಿ, ಇಷ್ಟು ವರ್ಷ ನೀರಿನ ತಂಪಿಗೆ ಊದಿಕೊಂಡ ಮರದಲ್ಲಿ, ನೀಲಿ ಬಣ್ಣದ ಅಕ್ಷರಗಳು ಇನ್ನೂ ಇದ್ದವು. ಜೀವನ್ ಬಿಮಾ ನಗರದಲ್ಲಿ ನೀರು ಉಪ್ಪು, ಅದಕ್ಕೇ ಅಲ್ಲಿ ಮನೆ ಬೇಡ ಎಂದೆವು ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ನನಗೆ ಅಳು ಬಂತು, ಜೊತೆಗೇ ಮೈ ಉರಿಯಿತು.

ಕಣ್ಣೊರೆಸಿಕೊಂಡು ಬಂದು, ಅವಳ ಮೊದಲ ವಾಕ್ಯವನ್ನೇ ಹೆಸರಾಗಿ ಕೊಟ್ಟು ಸೇವ್ ಒತ್ತಿದೆ. ಪರದೆಯ ಮಧ್ಯೆ ಒಂದು ಚೌಕ ಎದ್ದು ಬಂತು. ಡಿಸ್ಕ್ ತುಂಬಿದೆ, ಬೇಡದ ಫೈಲುಗಳನ್ನು ಅಳಿಸಿ ಜಾಗ ಮಾಡಿ ಎಂದು ಅದರ ಸಾರಾಂಶ.

ಇನ್ನೊಮ್ಮೆ ಒತ್ತಿದೆ. ಅದೇ. ಹೋಗಲಿ, ಕಂಪ್ಯೂಟರಿನ ಒಳಗೇ ಇಡೋಣವೆಂದು ನೋಡಿದರೆ ಅಲ್ಲೂ ಅದೇ ಚೌಕ, ಅದೇ ಮಾತು. ಒಂದೇ ಸಲ ಎಂದವಳು ಇನ್ನೊಮ್ಮೆ ಹೇಳುವವಳಲ್ಲ. ಮಧ್ಯಾಹ್ನ ನಮ್ಮ ಬೀದಿಗೆ ಕರೆಂಟ್ ತೆಗೆಯುತ್ತಾರೆಂದು ಬೆಳಿಗ್ಗೆಯೇ ಫೋನಿಗೆ ಮೆಸೇಜ್ ಬಂದಿತ್ತು. ಕಂಪ್ಯೂಟರಿಗೆ ಬ್ಯಾಟರಿ ಇಲ್ಲ. ಕರೆಂಟ್ ಹೋದರೆ ಕಥೆಯೂ ಹೋಯಿತು. ಫೋನಿನಲ್ಲಿ ಪರದೆಯ ಫೋಟೋ ತೆಗೆದರೆ, ಬಸ್ಸಿನಲ್ಲಿ ಬಿದ್ದು ಗಾಜು ಒಡೆದ ನನ್ನ ಕ್ಯಾಮೆರಾದಲ್ಲಿ ಬರೀ ಮಬ್ಬು. ಕೈಯಲ್ಲಿ ಬರೆದುಕೊಳ್ಳಬಹುದಿತ್ತು, ನಿಜ. ಆದರೆ ನನಗೆ ಹಠ ಬಂದಿತ್ತು.

ಮೊದಲು ಕಂಪ್ಯೂಟರ್ ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದೆ. "ಪೆನ್‌ಡ್ರೈವ್ ಫುಲ್ ಆಗಿದೆ ಮೇಡಂ. ಅನ್‌ವಾಂಟೆಡ್ ಎಲ್ಲ ಡಿಲೀಟ್ ಹೊಡೀರಿ. ಇಲ್ಲಾಂದ್ರೆ ಬಿಸಾಕಿ, ಹೊಸದು ತಗೊಳ್ಳಿ" ಎಂದು ಇಟ್ಟುಬಿಟ್ಟ. ಆಮೇಲೆ ತಮ್ಮನಿಗೆ ಮಾಡಿದೆ. ಅವನು ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದಾನೆ, ಒಂದು ಕಂಪನಿಯಲ್ಲಿ ಕಂಪ್ಯೂಟರ್ ರಿಪೇರಿಯ ಕೆಲಸ. ಅಮ್ಮನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಫುಲ್ ಅಂತಿದ್ಯಲ್ಲ ಅಕ್ಕ, ಏನಾದ್ರೂ ಡಿಲೀಟ್ ಮಾಡು" ಎಂದ ಅವನೂ.

"ಏನನ್ನೋ ಮಾಡ್ಲಿ?"

"ಯಾವುದಾದ್ರೂ. ಅಮ್ಮ ಆ ರೇಷನ್ ಅಂಗಡಿ ಜಗಳಾನ ಮೂರು ಸಲ ಹೇಳಿದ್ದಾಳೆ. ಎರಡು ತೆಗಿ."

"ಮೂರು ಸಲ ಆಡಿದ್ದೆ ಕಣೋ!" ಅಮ್ಮ ಫೋನಿಗೆ ಬಾಯಿ ಕೊಟ್ಟು ಕೂಗಿದಳು. "ಬೇಡದ್ದು ಅಂತೆ ಬೇಡದ್ದು! ನಿಂಗೆ ಬೇಡ, ನಂಗೆ ಬೇಕು."

ಅವನು ನಗುತ್ತ, ಆಮೇಲೆ ಮಾಡ್ತೀನಿ ಎಂದು ಫೋನ್ ಇಟ್ಟ. ನಾನು ಪರದೆಯನ್ನೇ ದಿಟ್ಟಿಸಿ ಕೂತೆ. ಅಮ್ಮ ನನ್ನ ಭುಜ ತಟ್ಟಿದಳು.

"ತುಂಬಿದೆ ಅಂತ ಅದು ಹೇಳ್ತು. ನೀನು ಒಳಗೆ ಹೋಗಿ ನೋಡಿದ್ಯಾ?"

ನೋಡಿರಲಿಲ್ಲ. ನಾಚಿಕೆಯಾಯಿತು. ಪೆನ್‌ಡ್ರೈವಿನ ಗುರುತಿನ ಮೇಲೆ ಒತ್ತಿ, ಎಷ್ಟು ತುಂಬಿದೆ ಎಂದು ತೋರಿಸುವ ಜಾಗಕ್ಕೆ ಹೋದೆ. ಒಂದು ಉಂಗುರ ಮೂಡಿತು. ನೀಲಿ ಎಂದರೆ ತುಂಬಿದ್ದು, ಬೂದು ಎಂದರೆ ಖಾಲಿ. ನೀಲಿ ಬರೀ ಒಂದು ಎಳೆಯಷ್ಟಿತ್ತು.

"ಎಲ್ಲಾ ಖಾಲಿನೇ ಇದ್ಯಲ್ಲೇ!" ಎಂದಳು ಅಕ್ಷರ ಬಾರದ ನಮ್ಮಮ್ಮ.

ಆಗ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಯಾರ ಕಿವಿಗೆ ಹೂವಿಡುತ್ತಿದೆ ಇದು? ಅಮ್ಮನ ಲೋಟದ ಕಥೆಯನ್ನು ಎತ್ತಿ ಕಂಪ್ಯೂಟರಿನ ಒಳಗೆ ಇಟ್ಟೆ, ಪೆನ್‌ಡ್ರೈವಿನಲ್ಲಿ ಅಷ್ಟು ತೆರವಾಯಿತು. ಆ ತೆರವಿಗೆ ಕಂಪ್ಯೂಟರಿನಲ್ಲಿದ್ದ ತಮ್ಮನ ಮದುವೆಯ ವಿಡಿಯೋವನ್ನು ತಳ್ಳಿದೆ. ಅಮ್ಮ ಈವರೆಗೆ ಆಡಿದ ಮಾತನ್ನೆಲ್ಲ ಕೂಡಿಸಿದರೂ ಅದರ ಮುಂದೆ ಏನೇನೂ ಅಲ್ಲ, ಅಷ್ಟು ದೊಡ್ಡದು ಆ ವಿಡಿಯೋ. ಓಲಗ, ಊಟ, ನೆಂಟರು ಸಮೇತ ನೆಟ್ಟಗೆ ಒಳಗೆ ಹೋಗಿ ಕೂತಿತು! ತಕ್ಷಣ ಅಮ್ಮನ ಎರಡು ಪುಟದ ಕಥೆಯನ್ನು ಸೇವ್ ಮಾಡಲು ಹೋದೆ. ಡಿಸ್ಕ್ ತುಂಬಿದೆ.

ತಮ್ಮನಿಗೆ ಮತ್ತೆ ಫೋನ್ ಮಾಡಿದೆ. "ಲೋ, ನಿನ್ನ ಮದುವೆಗೆ ಜಾಗ ಇದೆ, ಅಮ್ಮನ ಎರಡು ಪುಟಕ್ಕೆ ಜಾಗ ಇಲ್ವಾ? ಜಾಗ ಇಲ್ಲ ಅಂತ ಇನ್ನೊಂದು ಸಲ ಅಂದ್ಯೋ, ನೋಡು! ಜಾಗ ಇದೆ, ನಾನೇ ನೋಡಿದ್ದೀನಿ. ಬೇರೆ ಏನೋ ಕಾರಣ ಇದೆ. ಅದನ್ನ ಹೇಳು."

ಈಗ ಅವನು ಪಟಪಟನೆ ಕೇಳತೊಡಗಿದ. ಪೆನ್‌ಡ್ರೈವ್ ಎಷ್ಟು ಹಳೇದು? ಅದರೊಳಗಿನ ಹಳೇ ಫೈಲ್ ತೆಗೆದು ಟೈಪ್ ಮಾಡಿದ್ಯಾ? ಫೈಲುಗಳನ್ನ ಫೋಲ್ಡರಿಗೆ ಹಾಕಿದ್ಯಾ, ಹಾಗೇ ಇಟ್ಟಿದ್ಯಾ? ಹೆಸರು ಏನಂತ ಕೊಟ್ಟಿದ್ಯಾ? ನಾನು ಕೆರೆಯ ಹತ್ತಿರದ ಜಗಳದ ಹೆಸರನ್ನು ಓದಿ ಮುಗಿಸುವ ಮೊದಲೇ "ಅಯ್ಯಯ್ಯೋ!" ಎಂದ.

"ಅಕ್ಕ, ತುಂಬಿರೋದು ಡಿಸ್ಕ್ ಅಲ್ಲ. ಹಳೇ ಚಿಕ್ಕ ಪೆನ್‌ಡ್ರೈವಲ್ಲಿ, ಫೋಲ್ಡರಿಗೆ ಹಾಕದೆ ಬಾಗಿಲಲ್ಲೇ ಇಟ್ಟ ಫೈಲುಗಳ ಹೆಸರು ಬರ್ಕೊಳ್ಳೋಕೆ ಇಂತಿಷ್ಟೇ ಸಾಲು ಅಂತ ಇರುತ್ತೆ. ಚಿಕ್ಕ ಹೆಸರಾದ್ರೆ ಒಂದು ಸಾಲು ಸಾಕು. ಅಮ್ಮಂದು ಒಂದೊಂದು ಹೆಸರೂ ಐದಾರು ಸಾಲು ತಿಂದಿದೆ. ಸಾಲು ಮುಗಿದಿದೆ, ಜಾಗ ಹಾಗೇ ಇದೆ."

"ಮತ್ತೆ ತುಂಬಿದೆ ಅಂತ ಯಾಕೆ ಬೊಗಳುತ್ತೆ?"

"ಹೆಸರು ಬರೆಯೋಕೆ ಆಗ್ಲಿಲ್ಲ, ಅಷ್ಟೇ ಅದಕ್ಕೆ ಗೊತ್ತು. ಯಾಕೆ ಆಗ್ಲಿಲ್ಲ ಅಂತ ಗೊತ್ತಾಗಲ್ಲ, ತುಂಬಿದೆ ಅಂದ್ಬಿಡುತ್ತೆ. ನೀನು ಪೆನ್‌ಡ್ರೈವಿನಿಂದ ಫೈಲ್ ತೆಗೆದು ಟೈಪ್ ಮಾಡಿದ್ಯಲ್ಲ, ಅದಕ್ಕೆ ಬೇರೆ ಕಡೆ ಇಡೋಕೆ ಹೋದ್ರೂ ಅದು ಅಲ್ಲೇ ಜೋತು ಬಿದ್ದಿದೆ. ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ತಗೋ. ಹೊಸದಾಗಿ ಒಂದು ಖಾಲಿ ಫೈಲ್ ತೆಗೆದು ಅದಕ್ಕೆ ಹಾಕು. ಕಂಪ್ಯೂಟರಿನಲ್ಲೇ ಸೇವ್ ಮಾಡು."

ಸೆಲೆಕ್ಟ್ ಮಾಡಿದೆ, ಅಮ್ಮನ ಕಥೆ ಪೂರ್ತಿ ನೀಲಿ ಬಣ್ಣಕ್ಕೆ ತಿರುಗಿತು. ತಪ್ಪಿ ಒಂದು ಕೀ ಒತ್ತಿದರೆ ಎಲ್ಲ ಅಳಿಸಿ ಹೋಗುವ ಗಳಿಗೆ ಅದು. ಕಾಪಿ ಮಾಡಿ, ಹೊಸ ಫೈಲಿಗೆ ಸುರಿದು, ಸೇವ್ ಒತ್ತಿದೆ. ಚೌಕ ಬರಲಿಲ್ಲ. ಫೈಲು ಕಂಪ್ಯೂಟರಿನಲ್ಲಿ ಕೂತಿತು. "ಬಂತು ಕಣೋ!" ಎಂದು ಕಿರುಚಿದೆ. ಅಮ್ಮ ಮಾತ್ರ ಅಲುಗಾಡದೆ ಕೂತಿದ್ದಳು.

"ಎಲ್ಲಿ ಬಂತು? ಮಿಕ್ಕಿದ್ದರ ಜೊತೆಗಾ?"

ತಮ್ಮ ಫೋನಿನಿಂದಲೇ ಸಮಾಧಾನ ಹೇಳಿದ. "ಅಮ್ಮ, ಎಲ್ಲಾನೂ ಒಂದು ಫೋಲ್ಡರ್ ಒಳಗೆ ಹಾಕ್ಬಿಡಲಿ. ಒಳಗಡೆ ಈ ತೊಂದರೆ ಇರಲ್ಲ. ಇಲ್ಲಾಂದ್ರೆ ಹೆಸರು ಚಿಕ್ಕದು ಮಾಡ್ಬಿಡಲಿ. ಅಮ್ಮ ಒಂದು, ಅಮ್ಮ ಎರಡು ಅಂತ."

"ಒಳಗೆ ತುರುಕೋದು, ಇಲ್ಲ ಹೆಸರು ಕತ್ತರಿಸೋದು. ಇವೆರಡೇನಾ ನಿಂಗೆ ಗೊತ್ತಿರೋದು?" ಎಂದಳು ಅಮ್ಮ. ಬೇರೆ ದಿನವಾಗಿದ್ದರೆ ನಾನು ತಮ್ಮನ ಪರ ಮಾತಾಡುತ್ತಿದ್ದೆ. ಅವತ್ತು ಆಗಲಿಲ್ಲ.

"ಮೂರನೇದು ಹೇಳೋ" ಎಂದೆ.

ಮೂರನೆಯದು ಇತ್ತು. ಕೇಳುವವರೆಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಎಲ್ಲ ಫೈಲುಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಒಂದೊಂದೂ ತೆರೆಯುತ್ತದೆಯೇ ಎಂದು ನೋಡಿ, ಪೆನ್‌ಡ್ರೈವನ್ನು ಪೂರ್ತಿ ಒರೆಸಿ ಈಗಿನ ಕಾಲದ ಫಾರ್ಮ್ಯಾಟಿಗೆ ಬದಲಾಯಿಸಬೇಕು. ಅದರಲ್ಲಿ ಸಾಲಿಗೆ ಅಂಥ ಗಿಡ್ಡ ಮಿತಿ ಇಲ್ಲ. ತಮ್ಮ ಮಧ್ಯಾಹ್ನದ ಊಟ ಬಿಟ್ಟು ಫೋನಿನಲ್ಲಿ ಒಂದೊಂದಾಗಿ ಹೇಳಿಕೊಟ್ಟ. ಒರೆಸುವ ಗುಂಡಿ ಒತ್ತುವ ಮೊದಲು ಅಮ್ಮನ ಮುಖ ನೋಡಿದೆ. "ಇಳಿಸಿಕೊಂಡಿದ್ದೀಯಲ್ಲ? ಒತ್ತು" ಎಂದಳು. ಒತ್ತಿದೆ. ಆಮೇಲೆ ಎಲ್ಲರನ್ನೂ, ಅದೇ ಉದ್ದುದ್ದ ಹೆಸರಿನ ಸಮೇತ, ಫೋಲ್ಡರಿಲ್ಲದೆ, ಒಂದೇ ಸಾಲಿನಲ್ಲಿ ಮತ್ತೆ ಕೂರಿಸಿದೆ. ರೇಷನ್ ಅಂಗಡಿಯ ಮೂರು ಜಗಳಗಳೂ ಬಂದು ಕೂತವು. ಕೊನೆಗೆ ಆ ದಿನದ ಕಥೆ. ಅಕ್ಷರಮಾಲೆಯ ಲೆಕ್ಕದಲ್ಲಿ ಅದಕ್ಕೆ ಮುಂದೆಯೇ ಜಾಗ ಸಿಕ್ಕಿತು.

ಕರೆಂಟ್ ಆ ದಿನ ಹೋಗಲೇ ಇಲ್ಲ. ಅದೂ ಸುಳ್ಳು ಮೆಸೇಜು.

ಸಂಜೆ ಕಾಫಿ ಹಿಡಿದು ಬಂದು ಅಮ್ಮ ಹಾಜರಿ ಕೇಳಿದಳು. ಓದಿದೆ. 'ಖಾಲಿ ಮನೆ ಮುಂದೆ ನಾನು ಒಂದು ದಿನ ಪೂರ್ತಿ ಕೂತಿದ್ದೆ' ಎಂದಾಗ ಹೂಂ ಎನ್ನಲಿಲ್ಲ. ಲೋಟ ಕೆಳಗಿಟ್ಟಳು.

"ಅಷ್ಟೊಂದು ಖಾಲಿ ಇಟ್ಕೊಂಡು ಇಲ್ಲ ಅಂತ ಯಾಕೆ ಹೇಳ್ತಂತೆ ಅದು?"

ತಮ್ಮ ಹೇಳಿದ್ದನ್ನು ಬಿಡಿಸಿ ಹೇಳಿದೆ. ಅದಕ್ಕೆ ಹೆಸರು ಬರೆಯಲಾಗಲಿಲ್ಲ, ಏಕೆ ಆಗಲಿಲ್ಲವೆಂದು ಅದಕ್ಕೇ ತಿಳಿಯಲಿಲ್ಲ, ತಿಳಿಯದೆ ತುಂಬಿದೆ ಎಂದುಬಿಟ್ಟಿತು ಎಂದೆ.

"ಹಾಗಾದ್ರೆ ಅದನ್ನ ಬೈಬೇಡ ಪಾಪ. ಅದಕ್ಕೆ ಕಾರಣ ಗೊತ್ತಿರ್ಲಿಲ್ಲ."

"ಹೂಂ."

"ಆ ಬೋರ್ಡಿನವ್ರಿಗೆ ಗೊತ್ತಿತ್ತು ಕಣೇ."

ಎದ್ದು ಅಡುಗೆಮನೆಗೆ ಹೋದಳು. ಹಲಗೆ ಸರಿಸುವ ಸದ್ದು ಕೇಳಿಸಿತು. ಲೋಟ ತೊಳೆದಿಟ್ಟು, ಡ್ರಮ್ಮು ಮುಚ್ಚಿ ಈಚೆ ಬಂದಳು. ರಾತ್ರಿಯ ಅನ್ನಕ್ಕೆ ನೀರು ತೆಗೆದುಕೊಳ್ಳಲು ನಾನು ಹೋದಾಗ ಹಲಗೆಯ ಅಕ್ಷರಗಳು ಮೇಲ್ಮುಖವಾಗಿದ್ದವು.